ಮೊದಲನೆಯವಳು

ನನ್ನ ಗಂಡನಿಗೆ ಎರಡು ಹುಚ್ಚು. ಒಂದು, ಡಿಪೋದವರು ಗುಜರಿಗೆ ಹಾಕಿದ್ದ ಹಳೆಯ ಮಿನಿಬಸ್ಸನ್ನು ತಂದು ಅದರೊಳಗೆ ಮಂಚ, ಒಲೆ, ಸಿಂಕು ಎಲ್ಲ ಕೂರಿಸಿ ಓಡುವ ಮನೆ ಮಾಡಿಕೊಂಡದ್ದು. ಇನ್ನೊಂದು, ಪ್ರತಿ ವರ್ಷ ರಜೆ ಹಾಕಿ ಆ ಮನೆಯನ್ನು ಓಡಿಸಿಕೊಂಡು ಊರಾಚೆಯ ಕೆರೆ ಪಾರ್ಕಿಗೆ ಹೋಗಿ ಗಾಳ ಹಿಡಿದು ಕೂರುವುದು. ಬಸ್ ಮೆಕ್ಯಾನಿಕ್ಕಿಗೆ ರಜೆಯಲ್ಲೂ ಬಸ್ಸೇ ಗತಿ ಎಂದು ನಾನು ಬೈಯುತ್ತಿದ್ದೆ. ನಾನು ಲೇಡೀಸ್ ಟೈಲರ್. ಅಂಗಡಿ ಬಿಟ್ಟು ಹೋಗುವಂತಿಲ್ಲ, ಮೀನಿನ ವಾಸನೆ ಮೂಗಿಗೆ ಆಗುವುದಿಲ್ಲ. ಹಾಗಾಗಿ ಒಮ್ಮೆಯೂ ಜೊತೆಗೆ ಹೋದವಳಲ್ಲ.

ಈ ವರ್ಷ ರಿಪೇರಿಗೆಂದು ಅಂಗಡಿಯ ನೆಲ ಕಿತ್ತು ಹಾಕಿದ್ದರು. ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡಲಿ ಎಂದು, "ಈ ಸಲ ನಾನೂ ಬರ್ತೀನಿ" ಎಂದೆ. ಅವರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಅಲ್ಲಿ ಸೊಳ್ಳೆ ಜಾಸ್ತಿ ಕಣೇ."

"ಇಲ್ಲೇನು ಕಮ್ಮೀನಾ?"

"ಬಾತ್‌ರೂಮು ದೂರ."

"ಕಾಲಿದೆಯಲ್ಲ, ನಡೀತೀನಿ."

"ನಿನಗೆ ಬೇಜಾರಾಗುತ್ತೆ."

"ಬೇಜಾರಾದ್ರೆ ನಿಮ್ಮನ್ನ ಬೈಕೊಂಡು ಕೂತಿರ್ತೀನಿ ಬಿಡಿ."

ದಾರಿಯುದ್ದಕ್ಕೂ ಅವರು ತುಟಿ ಬಿಚ್ಚಲಿಲ್ಲ. ಮೊದಲೇ ಮಾತಿಗೆ ಬಡವರು. ನಾನಾಡಿದ್ದಕ್ಕೆಲ್ಲ 'ಹೂಂ' ಎನ್ನುವುದಷ್ಟೇ ಅವರ ಪಾಲಿನ ಸಂಸಾರ. ಆದರೂ ಈ ಮೌನದಲ್ಲಿ ಏನೋ ಹುಳುಕಿದೆ ಎಂದು ನನಗೆ ಅನಿಸಿತು. ಯಾವಳಾದರೂ ಇದ್ದಾಳೆಯೇ ಅಲ್ಲಿ ಎಂದೂ ಒಂದು ಗಳಿಗೆ ಅನಿಸಿ, ಅವರ ಬೋಳುತಲೆ ನೋಡಿ ಸಮಾಧಾನವಾಯಿತು.

ಪಾರ್ಕಿನ ಗೇಟಿನವನು ಕಿಟಕಿಗೆ ಬಗ್ಗಿ ನನ್ನನ್ನು ನೋಡಿದ. ಆಮೇಲೆ ನನ್ನ ಗಂಡನ ಹೆಗಲು ತಟ್ಟಿ, "ಒಳ್ಳೇದು ಮಾಡಿದ್ರಿ ಸಾರ್. ಎಷ್ಟು ದಿನ ಅಂತ ಒಬ್ರೇ ಇರೋಕಾಗುತ್ತೆ" ಎಂದ. ತಿಳಿವಳಿಕೆಯ ಮನುಷ್ಯ ಎಂದುಕೊಂಡು ನಾನು ಅವನಿಗೆ ನಗೆ ಕೊಟ್ಟೆ. ನನ್ನ ಗಂಡ ಗೇರು ಹಾಕುವಲ್ಲಿ ತಪ್ಪಿದರು. ಇಷ್ಟು ವರ್ಷ ಬಸ್ಸುಗಳ ಗೇರು ಬಿಚ್ಚಿ ಜೋಡಿಸಿದ ಕೈ ಅದು.

ಕೆರೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೀರಿನ ಸುತ್ತ ಅಲ್ಲೊಂದು ಇಲ್ಲೊಂದು ವ್ಯಾನು ನಿಂತಿತ್ತು. ಒಬ್ಬರು ಒಗೆದ ಟವೆಲ್ಲು ಒಣಹಾಕಿದ್ದರು, ಇನ್ನೊಬ್ಬರ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ನನ್ನ ಗಂಡ ನಮ್ಮ ಬಸ್ಸಿನ ಚಕ್ರಕ್ಕೆ ಕಲ್ಲು ಕೊಟ್ಟು, ಕಂಬದಿಂದ ಕರೆಂಟು ಎಳೆದು, ವ್ಯಾನಿನ ಪಕ್ಕಕ್ಕೆ ಬಟ್ಟೆಯ ನೆರಳು ಬಿಚ್ಚಿ ಕಟ್ಟಿದರು. ನನಗೊಂದು ಮಡಚುವ ಕುರ್ಚಿ ಹಾಕಿ, ಎರೆಹುಳ ಅಗೆದು ತರುತ್ತೇನೆಂದು ಡಬ್ಬ ಹಿಡಿದು ಕಳ್ಳಬೆಕ್ಕಿನ ಹಾಗೆ ಜಾರಿಕೊಂಡರು.

ಅವರು ಅತ್ತ ಹೋದದ್ದೇ ತಡ, ಪಕ್ಕದ ವ್ಯಾನಿನ ಹೆಂಗಸು ಫ್ಲಾಸ್ಕು ಹಿಡಿದು ಬಂದರು. ನನಗಿಂತ ಹಿರಿಯರು. ನೀರಿನ ಅಂಚಿನಲ್ಲಿ ದೊಡ್ಡದೊಂದು ಹಳದಿ ಕೊಡೆ ನೆಟ್ಟು ಅದರಡಿ ಕೂತು ಗಾಳ ಹಾಕುವುದರಿಂದ ಪಾರ್ಕಿನವರೆಲ್ಲ ಅವರನ್ನು ಕೊಡೆ ಅಕ್ಕ ಎನ್ನುತ್ತಾರಂತೆ. ಪೋಸ್ಟಾಫೀಸಿನಿಂದ ರಿಟೈರಾದವರಂತೆ. ಇದನ್ನೆಲ್ಲ ಅವರೇ ಹೇಳಿ, ಕಪ್ಪಿಗೆ ಟೀ ಬಗ್ಗಿಸಿ ನನ್ನ ಕೈಗಿಟ್ಟು, ನನ್ನನ್ನೇ ನೋಡುತ್ತ ಕೂತರು.

"ನಿಮ್ಮನ್ನ ನೋಡಿ ಮನಸ್ಸಿಗೆ ಸಮಾಧಾನ ಆಯ್ತು ತಂಗಿ. ಮೊದಲನೆಯವರು ಹೋದ್ಮೇಲೆ ತುಂಬ ನೊಂದುಬಿಟ್ಟಿದ್ರು ನಿಮ್ಮವರು."

"ಯಾವ ಮೊದಲನೆಯವರು?"

ಅಕ್ಕ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಹೇಳಿಲ್ವಾ? ಅವರ ಹೆಂಡತಿ. ತೀರ್ಕೊಂಡ್ರಲ್ಲ. ಟೈಲರ್ ಆಗಿದ್ರಂತೆ, ಪಾಪ."

ಒಂದು ಕ್ಷಣ, ನಮ್ಮವರಿಗೆ ಇನ್ನೊಬ್ಬಳೂ ಟೈಲರೇ ಬೇಕಾಗಿತ್ತೇ ಎಂದು ಹೊಟ್ಟೆ ಉರಿದುಹೋಯಿತು. ಆಮೇಲೆ ಹೊಳೆಯಿತು. ಕೈಯಲ್ಲಿದ್ದ ಟೀ ತುಳುಕಿ ಮಡಿಲ ಮೇಲೆ ಬಿದ್ದರೂ ಬಿಸಿ ಎಂದು ಗೊತ್ತಾಗಲಿಲ್ಲ.

ನನ್ನ ಬಾಯಿಯ ಬಗ್ಗೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ. ಅಳತೆ ತಪ್ಪಿತೆಂದು ಜಗಳಕ್ಕೆ ಬಂದ ಗಿರಾಕಿಗಳು ಇನ್ನೊಂದು ರವಿಕೆ ಹೊಲಿಯಲು ಕೊಟ್ಟು ಹೋಗುತ್ತಾರೆ. ಅಂಥ ಬಾಯಿಗೆ ಅವತ್ತು ಬೀಗ ಬಿತ್ತು. ನಾನು ಬೆಪ್ಪಾಗಿ ಕೂತೆ. ಅಕ್ಕ ಅದನ್ನು ಬೇರೆಯೇ ಅರ್ಥ ಮಾಡಿಕೊಂಡರು.

"ತಪ್ಪು ತಿಳ್ಕೋಬೇಡಿ. ನಿಮಗೆ ನೋವಾಗ್ಲಿ ಅಂತ ಹೇಳಿದ್ದಲ್ಲ. ಆಕೆಗೆ ಬಾಯಿ ಜೋರಂತೆ, ದಿನಾ ಬೈತಿದ್ರಂತೆ. 'ಈಗ ಬೈಯೋರಿಲ್ಲ ಅಕ್ಕಾ, ಮನೇಲಿ ಫ್ರಿಜ್ಜಿನ ಸದ್ದು ಕೇಳುತ್ತೆ' ಅಂದಿದ್ರು ಒಂದು ಸಲ. ಕೇಳಿ ನಾನು ಅತ್ತೇಬಿಟ್ಟೆ." ನನ್ನ ಮೊಣಕೈ ಒತ್ತಿ ಎದ್ದು ನಿಂತರು. "ಹೋದವಳ ಜೊತೆ ಪೈಪೋಟಿಗೆ ಇಳೀಬೇಡಿ ತಂಗಿ. ಅದರಲ್ಲಿ ಗೆಲ್ಲೋಕಾಗಲ್ಲ."

ನನ್ನ ಗಂಡ ಹುಳುವಿನ ಡಬ್ಬ ಹಿಡಿದು ವಾಪಸು ಬಂದಾಗ ನಾನು ವ್ಯಾನಿನೊಳಗೆ ಮಂಚದ ತುದಿಯಲ್ಲಿ ಕೂತಿದ್ದೆ. ನನ್ನ ಮುಖ ನೋಡಿದ್ದೇ ಅವರು ಬಾಗಿಲು ಎಳೆದುಕೊಂಡರು. ವ್ಯಾನಿನ ತಗಡು ತೆಳು, ಜಗಳವನ್ನೂ ಪಿಸುಮಾತಿನಲ್ಲಿ ಆಡಬೇಕು. ನನ್ನ ಜನ್ಮದಲ್ಲಿ ಅದು ಮೊದಲ ಸಲ.

"ನಾನು ಯಾವಾಗ ಸತ್ತೆ?" ಎಂದೆ.

ಡಬ್ಬ ಕೈಜಾರಿ ಸಿಂಕಿಗೆ ಬಿತ್ತು. ಹುಳುಗಳು ನನ್ನ ತಟ್ಟೆಯ ಮೇಲೆ ಹರಿದಾಡತೊಡಗಿದವು.

"ಮೊದಲನೇ ಸಲ ಬಂದಾಗ ಗೇಟಿನವನು 'ಮನೆಯವರು ಎಲ್ಲಿ ಸಾರ್' ಅಂದ. ನಾನು 'ಇಲ್ಲ' ಅಂದೆ."

"ಆಮೇಲೆ?"

"ಅಷ್ಟೇ. ಅವನ ಮುಖ ಸಣ್ಣಗಾಯ್ತು. 'ಪಾಪ, ನೀರಿನ ಹತ್ತಿರದ ಜಾಗಾನೇ ತಗೊಳ್ಳಿ ಸಾರ್' ಅಂದ. ಸಂಜೆಯೊಳಗೆ ಎಲ್ಲರಿಗೂ ಹೇಳಿದ್ದ."

"'ಬಂದಿಲ್ಲ' ಅನ್ನೋಕೆ ಏನಾಗಿತ್ತು ನಿಮಗೆ? ಒಂದಕ್ಷರ ಜಾಸ್ತಿ ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಿಮ್ಮ ಬಾಯಿಯ ಜಿಪುಣತನಕ್ಕೆ ನಾನು ಪ್ರಾಣ ಬಿಟ್ಟೆನಲ್ರೀ. ಯಾತರಿಂದ ಸತ್ತೆ, ಅದನ್ನಾದ್ರೂ ಹೇಳಿ."

"ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ಒಂದು ಕಾಯಿಲೆ ಕೊಡೋಷ್ಟೂ ಮನಸ್ಸಾಗ್ಲಿಲ್ಲ."

ಕೇಳಬಾರದೆಂದು ಗೊತ್ತಿದ್ದೂ ನಾನು ಕೇಳಿಬಿಟ್ಟೆ. "ನಾನಿಲ್ಲದೆ ಸುಖವಾಗಿತ್ತಾ?"

ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. "ಮೊದಲನೇ ವರ್ಷ, ಸ್ವಲ್ಪ" ಎಂದರು.

ಸತ್ತ ಸುದ್ದಿಗಿಂತ ಇದು ದೊಡ್ಡ ಏಟು. ಅವರೇ ಮುಂದುವರಿಸಿದರು, ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿಲ್ಲ.

"ಎರಡನೇ ವರ್ಷ ನಿಜ ಹೇಳೇಬಿಡೋಣ ಅಂತಾನೇ ಬಂದೆ ಕಣೇ. ಅಕ್ಕ, ಅವರ ಯಜಮಾನ್ರು ಇಬ್ಬರನ್ನೂ ಕೂರಿಸಿ ಹೇಳೋಣ ಅಂದ್ಕೊಂಡಿದ್ದೆ. ಬಂದ್ರೆ ಅಕ್ಕ ಒಬ್ರೇ ಇದ್ರು. ಯಜಮಾನ್ರು ಹೋಗಿದ್ರು. ಸೀದಾ ನನ್ನ ಹತ್ರ ಬಂದು, 'ನಿಮಗಾದ್ರೆ ಗೊತ್ತಿರುತ್ತೆ, ಹೇಗೆ ತಡ್ಕೊಂಡ್ರಿ' ಅಂದ್ರು. ಊಟ ಇಲ್ಲ, ನಿದ್ದೆ ಇಲ್ಲ, ಎಲುಬು ಕಾಣ್ತಿತ್ತು. ಅವರಿಗೆ ಏನ್ ಹೇಳ್ಲಿ? ನೀನಿಲ್ಲ ಅಂದ್ಕೊಂಡು ಮನೇನ ನೆನೆಸ್ಕೊಂಡೆ. ಕಂಡಿದ್ದನ್ನ ಹೇಳ್ದೆ. ಅವತ್ತು ರಾತ್ರಿ ಇಲ್ಲಿ ಮಲಗೋಕಾಗ್ಲಿಲ್ಲ ನನಗೆ."

"ಅದಕ್ಕೇ ಆ ವರ್ಷ ರಜೆ ಮುಗಿಯೋ ಮುಂಚೆ ಓಡಿ ಬಂದ್ರಾ? ಗಾಡಿ ಕೆಟ್ಟಿದೆ ಅಂದ್ರಲ್ಲ."

"ಗಾಡಿ ಚೆನ್ನಾಗೇ ಇತ್ತು."

ಇನ್ನೊಬ್ಬಳಾಗಿದ್ದರೆ ಅಲ್ಲಿಗೇ ಕರಗಿ ನೀರಾಗುತ್ತಿದ್ದಳು. ನನಗೆ ಮತ್ತಷ್ಟು ಸಿಟ್ಟು ಬಂತು. ಬದುಕಿರುವವಳಿಗೆ ಒಂದು ಒಳ್ಳೆಯ ಮಾತಿಲ್ಲ, ಸತ್ತವಳಿಗೆ ಇಷ್ಟೆಲ್ಲ. "ಈಗಲೇ ಹೋಗಿ ಅವರಿಗೆ ಹೇಳ್ತೀನಿ. ಸತ್ತವಳು ನಾನೇ, ಗಟ್ಟಿಮುಟ್ಟಾಗಿದೀನಿ ಅಂತ" ಎಂದು ಎದ್ದೆ. ಅವರು ತಡೆಯಲಿಲ್ಲ.

"ಹೇಳು. ನಿನ್ನ ಹಕ್ಕು ಅದು. ಆದ್ರೆ ಅಕ್ಕ ನಾನು ಹೇಳಿದ್ದನ್ನ ಹಿಡ್ಕೊಂಡೇ ಎದ್ದು ಓಡಾಡ್ತಿರೋದು."

"ಅದಕ್ಕೆ ನಾನು ಸತ್ತೇ ಇರ್ಬೇಕಾ?"

"ಗೊತ್ತಿಲ್ಲ ಕಣೇ" ಎಂದು ಸಿಂಕಿನಿಂದ ಒಂದೊಂದೇ ಹುಳು ಹೆಕ್ಕತೊಡಗಿದರು.

ಬಿಸಿಲು ಇಳಿದಿತ್ತು. ಹುಲ್ಲಿನ ಮೇಲೆ ದಾಪುಗಾಲು ಹಾಕುತ್ತ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಂಡೆ. ಕೊಡೆಯ ಕೆಳಗೆ ಎರಡು ಕುರ್ಚಿಗಳಿದ್ದವು. ಅಕ್ಕ ಒಂದರಲ್ಲಿ ಕೂತು ನೀರಿನ ಮೇಲೆ ತೇಲುವ ಬೆಂಡನ್ನು ನೋಡುತ್ತಿದ್ದರು. ಇನ್ನೊಂದು ಖಾಲಿ, ಅದರ ಮುಂದೆಯೂ ಒಂದು ಗಾಳ ಹಾಕಿಟ್ಟಿದ್ದರು. ಯಾರದೆಂದು ಕೇಳಬೇಕಾಗಿರಲಿಲ್ಲ. ನನ್ನನ್ನು ಕಂಡು, "ಬನ್ನಿ, ಇಲ್ಲೇ ಕೂತ್ಕೊಳ್ಳಿ" ಎಂದು ಆ ಕುರ್ಚಿಯ ಮೇಲಿನ ಎಲೆ ಕೊಡವಿದರು.

"ಅಕ್ಕಾ, ನಿಮಗೊಂದು ವಿಷಯ ಹೇಳ್ಬೇಕು" ಎಂದೆ.

"ನಾನೂ ಒಂದು ಕೇಳ್ಬೇಕು ಅಂತಿದ್ದೆ. ಮೊದಲು ನಾನು ಕೇಳ್ಲಾ? ಆಮೇಲೆ ಧೈರ್ಯ ಬರಲ್ಲ."

"ಕೇಳಿ."

ಅಕ್ಕ ಬೆಂಡಿನಿಂದ ಕಣ್ಣು ತೆಗೆಯಲಿಲ್ಲ. "ನಮ್ಮವರು ಹೋದಾಗ ನಾನು ಸ್ನಾನಕ್ಕೆ ಹೋಗಿದ್ದೆ. ನಲ್ಲಿ ಜೋರಾಗಿ ಬಿಟ್ಟಿದ್ದೆ. ಈಚೆ ಬಂದ್ರೆ ಕುರ್ಚೀಲಿ ಕೂತ ಹಾಗೇ ಹೋಗಿದಾರೆ, ಪೇಪರು ಕೆಳಗೆ ಬಿದ್ದಿದೆ. ಅವರು ನನ್ನ ಕೂಗಿದ್ರೋ ಏನೋ ತಂಗಿ. ಕೂಗಿದ್ರೂ ನನಗೆ ಕೇಳ್ತಿರ್ಲಿಲ್ಲ. ಈಗ್ಲೂ ನಲ್ಲಿ ತಿರುಗಿಸೋಕೆ ಭಯ ನನಗೆ. ತೊಟ್ಟಿಯಿಂದ ಬಕೆಟ್ಟಿಗೆ ಚೊಂಬಿನಲ್ಲಿ ನೀರು ತುಂಬ್ಕೋತೀನಿ."

ನಾನು ಆ ಖಾಲಿ ಕುರ್ಚಿಯ ತುದಿಯಲ್ಲಿ ಕೂತೆ.

"ಆ ಮೊದಲನೆಯವರೂ ಇದ್ದಕ್ಕಿದ್ದ ಹಾಗೆ ಹೋದವರೇ ಇರ್ಬೇಕು. ಕಾಯಿಲೆ ಅಂತ ನಿಮ್ಮವರು ಒಂದು ಸಲಾನೂ ಅಂದಿಲ್ಲ. ಅವರನ್ನ ಕೇಳೋಕೆ ನನಗೆ ಬಾಯಿ ಬರ್ಲಿಲ್ಲ. ನಿಮಗೆ ಹೇಳಿರ್ಬಹುದು." ಈಗ ಅಕ್ಕ ನನ್ನ ಕಡೆ ತಿರುಗಿದರು. "ಆಕೆಗೆ ಗೊತ್ತಾಯ್ತಂತಾ? ತಾನು ಹೋಗ್ತಾ ಇದೀನಿ ಅಂತ?"

ಹಿಂದಿರುಗಿ ನೋಡಿದೆ. ನನ್ನ ಗಂಡ ವ್ಯಾನಿನ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದರು.

"ಇಲ್ಲ ಅಕ್ಕಾ" ಎಂದೆ. "ಅವಳಿಗೆ ಗೊತ್ತೇ ಆಗ್ಲಿಲ್ಲ."

"ಖಂಡಿತಾನಾ?"

"ಖಂಡಿತ. ಎಂದಿನ ಹಾಗೆ ಅಂಗಡೀಲಿ ಕೂತು ಬಟ್ಟೆ ಹೊಲೀತಿದ್ಲು. ಹೋಗಿಬಿಟ್ಟಿದೀನಿ ಅಂತ ಅವಳಿಗೆ ಚೂರೂ ಗೊತ್ತಾಗ್ಲಿಲ್ಲ."

"ನೋವು?"

"ಆವಾಗ ಏನೂ ಇರ್ಲಿಲ್ಲ."

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿತ್ತು.

"ಹಾಗಾದ್ರೆ ನಮ್ಮವರು ನನ್ನ ಕೂಗಿರಲ್ಲ" ಎಂದರು, ಮುಖ ಒರೆಸಿಕೊಂಡು.

"ಕೂಗಿರಲ್ಲ ಅಕ್ಕಾ" ಎಂದೆ.