ಅಮ್ಮಂದಿರೂ ಕೂರುವ ಕ್ಲಾಸು

ಮನೆಮಂದಿಯೆಲ್ಲ ಊಟಕ್ಕೆ ಕುಳಿತಿದ್ದಾಗ ಹಿರಿಯ ಓರಗಿತ್ತಿ ನನ್ನ ಮಗನನ್ನು ಏಳೆಂಟ್ಲ ಎಷ್ಟು ಎಂದು ಕೇಳಿದಳು. ಅವನು ತಡವರಿಸಿದ. "ಅಮ್ಮ ಲ್ಯಾಬಲ್ಲಿ ಕೂದಲೆಳೆಯಷ್ಟು ಸಣ್ಣದನ್ನೂ ಅಳೀತಾಳೆ, ಮಗನ ತಲೇಲಿ ಬರೀ ಗಾಳಿ!" ಎಂದು ನಕ್ಕಳು. ಮಗ ಊಟ ಬಿಟ್ಟು ಎದ್ದುಹೋದ. ಆ ನಗುವನ್ನು ನಾನು ಮರೆಯಲಿಲ್ಲ.

ಊರಿನ ಒಂದೊಂದು ಗಣಿತದ ಟ್ಯೂಷನ್ ಕ್ಲಾಸಿಗೂ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಸ್ಟಾಪ್‌ವಾಚ್ ಹಿಡಿದು ಮಕ್ಕಳಿಂದ ಉತ್ತರ ಕಿರುಚಿಸುವ ಹೆಸರುವಾಸಿ ಕ್ಲಾಸನ್ನು ಬಿಟ್ಟು, ಅಂಗಿಯ ಗುಂಡಿಗಳನ್ನು ಗುಂಪು ಮಾಡಿಸಿ ಕಲಿಸುವ ಟೀಚರ ಬಳಿ ಅವನನ್ನು ಸೇರಿಸಿದೆ. ಈಗ ಅವನು ಸ್ನಾನದ ಮನೆಯಲ್ಲೂ ಲೆಕ್ಕ ಹಾಕುತ್ತಾನೆ.

ಮೊನ್ನೆ ಅದೇ ಓರಗಿತ್ತಿ ತನ್ನ ಮಗಳ ಕೈಹಿಡಿದು ಬಂದಳು. "ಇವಳಿಗೆ ಭಾಗಾಕಾರ ಅಂದ್ರೆ ಜ್ವರ ಬರುತ್ತೆ ಕಣೇ. ಯಾವ ಕ್ಲಾಸಿಗೆ ಹಾಕ್ಲಿ?"

ಸ್ಟಾಪ್‌ವಾಚ್ ಕ್ಲಾಸಿನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಡುಗಿ ಉಗುರು ಕಚ್ಚುತ್ತ ನಿಂತಿದ್ದಳು. ನನಗೆ ಹಗೆ ಇದ್ದದ್ದು ಅವಳ ಅಮ್ಮನ ಮೇಲೆ.

"ನಮ್ಮ ಟೀಚರ ಹತ್ರಾನೇ ಹಾಕಿ ಅಕ್ಕ" ಎಂದೆ. ಮೊದಲ ಪಾಠದಲ್ಲಿ ಅಮ್ಮನೂ ಮಗುವಿನ ಪಕ್ಕ ಕುಳಿತು ಉತ್ತರ ಹೇಳಬೇಕೆಂಬ ಅಲ್ಲಿನ ಪದ್ಧತಿಯನ್ನು ಮಾತ್ರ ತಿಳಿಸಲಿಲ್ಲ.

ಶನಿವಾರ ಓರಗಿತ್ತಿ ಮಗಳ ಪಕ್ಕ ಪುಟ್ಟ ಬೆಂಚಿನಲ್ಲಿ ಮುದುಡಿ ಕುಳಿತಿದ್ದಳು; ಮಗನನ್ನು ಕರೆತಂದಿದ್ದ ನಾನು ಹಿಂದಿನ ಬೆಂಚಿನಲ್ಲಿದ್ದೆ.

"ಹತ್ತನ್ನ ಅರ್ಧದಿಂದ ಭಾಗಿಸಿದ್ರೆ ಎಷ್ಟಮ್ಮ?" ಎಂದರು ಟೀಚರು.

"ಐದು!" ಎಂದಳು ಠೀವಿಯಿಂದ.

"ಐದಲ್ಲ. ಒಂದರಲ್ಲೇ ಎರಡು ಅರ್ಧ ಇವೆ. ಹತ್ತರಲ್ಲಿ ಎಷ್ಟು ಅರ್ಧಗಳಿವೆ, ನೋಡಿ ಹೇಳಿ."

ಹೊಸ ಮಕ್ಕಳೊಂದಿಗೆ ಕೋಣೆ ತುಂಬ ಕುಳಿತಿದ್ದ ತಾಯಂದಿರು ಕಿಸಕ್ಕನೆ ನಕ್ಕರು. ಅವಳು ಕೆಂಪಾಗಿ ನನ್ನತ್ತ ನೋಡಿದಳು.

"ನಿಧಾನವಾಗಿ ಯೋಚನೆ ಮಾಡಿ ಅಕ್ಕ," ಎಂದೆ, ಎಲ್ಲರಿಗೂ ಕೇಳುವಂತೆ. "ಇಲ್ಲಿ ಯಾರೂ ನಗಲ್ಲ."