ವಾರಿಜಳ ಪ್ರಾಯ

ವಾರಿಜ ತೀರಿಕೊಂಡಾಗ ಅವಳಿಗೆ ಆರು ವರ್ಷ. ಅದಾಗಿ ಇಪ್ಪತ್ತು ವರ್ಷದ ಮೇಲೆ, ೨೦೦೪ರಲ್ಲಿ, ಅವಳಿಗೊಂದು ಸಂಬಂಧ ಬಂತು. ನಮ್ಮ ಕಡೆ ಎಳವೆಯಲ್ಲಿ ಸತ್ತ ಮಕ್ಕಳಿಗೂ ಪ್ರಾಯ ತುಂಬುತ್ತದೆ. ತುಂಬಿದ ಮೇಲೆ, ಅವರಂತೆಯೇ ಸತ್ತ ಜೋಡಿಯನ್ನು ಹುಡುಕಿ ಮದುವೆ ಮಾಡಿಸುವುದು ಕ್ರಮ. ಹುಡುಗ ವಿಟ್ಲದವನು, ಅವನೂ ಮಗುವಾಗಿದ್ದಾಗಲೇ ಹೋದವನು.

"ಆದಿತ್ಯವಾರ ಹುಡುಗನ ಅಮ್ಮ ನೋಡ್ಲಿಕ್ಕೆ ಬರ್ತಾರೆ ರೋಹಿತ್. ಕೊಟ್ಟುಬಿಡುವ ಮೊದಲು ದೊಡ್ಡವಳಾದ ಮಗಳ ಮುಖ ನಾನೊಮ್ಮೆ ನೋಡ್ಬೇಕು," ಎನ್ನುತ್ತ ಅವಳ ತಾಯಿ ಲೋಲಾಕ್ಷಿ ಅಕ್ಕ ಬೆಳುವಾಯಿಯಿಂದ ಮೆಲ್ಕಾರಿನ ನಮ್ಮ ಕಂಪ್ಯೂಟರ್ ಸೆಂಟರಿಗೆ ಬಂದರು. ನಾನಲ್ಲಿ ಅನಿಮೇಷನ್ ಕಲಿಯುತ್ತಿದ್ದೆ. ಪರದೆಯ ಮೇಲಿನ ಮಣ್ಣುಂಡೆಯಂಥದ್ದನ್ನು ಮೌಸಿನಲ್ಲಿ ಒತ್ತಿ, ಎಳೆದು ಮನುಷ್ಯರ ತಲೆ ಮಾಡುವ ಕೆಲಸ. ತಲೆ ಮಾಡುವವನ ತಲೆ ಕೆಡುವುದೇ ಅದರ ಸಂಬಳ.

ವಾರಿಜಳ ಒಂದು ಫೋಟೋವೂ ಇರಲಿಲ್ಲ. ತಾಯಿಯ ಮುಖವನ್ನೇ ನೋಡಿ ಇಪ್ಪತ್ತಾರರ ಹೆಣ್ಣೊಬ್ಬಳನ್ನು ತಿದ್ದಿ ನಿಲ್ಲಿಸಿದೆ.

"ಹೇಗುಂಟು ಅಕ್ಕ?"

"ಚಂದ ಉಂಟು."

"ಚಂದ ಅಂದ್ರೆ ನಾನು ತಿದ್ದುವುದು ಎಂತದನ್ನು? ತಪ್ಪು ಹೇಳಿ."

"ಮಗಳ ಮುಖಕ್ಕೆ ತಪ್ಪು ಹೇಳ್ಲಿಕ್ಕೆ ಆಗ್ತದಾ ಮಾರಾಯ?"

ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮಿನಿಂದ ಬಸ್ಸಿನ ಹಾರ್ನಿನ ತನಕ ಮಿಮಿಕ್ರಿ ಮಾಡಿದವನು ನಾನು. ಬಾಯಿ ತುರಿಸಿತು. ಮಾನಿಟರಿನ ಹಿಂದೆ ಬಗ್ಗಿ ಸಣ್ಣ ಹುಡುಗಿಯ ದನಿ ತೆಗೆದೆ: "ಅಮ್ಮಾ, ನನ್ನ ಮೂಗು ಇಷ್ಟುದ್ದ ಉಂಟಾ?"

ಅಕ್ಕ ನಗಲಿಲ್ಲ. ಪರದೆಯನ್ನೇ ನೋಡುತ್ತ, "ಇಲ್ಲ ಮಗಾ, ನಿನ್ನದು ಮೋಟು ಮೂಗು," ಎಂದರು. ನಾನು ಮೂಗನ್ನು ಮೋಟು ಮಾಡಿದೆ.

"ಗಲ್ಲ ಸರಿ ಉಂಟಾ, ಕೇಳು ಅವಳತ್ರ."

"ಗಲ್ಲ ಗುಂಡಗೆ ಬೇಕು ಅಮ್ಮಾ. ಮತ್ತೆ, ಬಾಗಿಲು ತಾಗಿದ ಗಾಯ ಈ ಅಣ್ಣ ಮಾಡ್ಲೇ ಇಲ್ಲ."

ಗಾಯದ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಆಡಿದ್ದೆ, ಅಷ್ಟೆ. ಅಕ್ಕ ನನ್ನ ಮಣಿಗಂಟನ್ನು ಗಟ್ಟಿಯಾಗಿ ಹಿಡಿದರು.

"ಎಡ ಹುಬ್ಬಿನ ಮೇಲೆ," ಎಂದರು.

ಆಮೇಲೆ ದಿನಾ ಬೆಳಗ್ಗಿನ ಬಸ್ಸಿಗೆ ಬಂದರು. ಅವರು ಕೇಳುವರು, ದನಿ ಹೇಳುವುದು, ನಾನು ತಿದ್ದುವುದು. ಮೂರನೆಯ ದಿನದ ಹೊತ್ತಿಗೆ ನಾನು ಮಾತು ಹುಡುಕಬೇಕಾಗಿರಲಿಲ್ಲ. ಬಾಯಿ ತೆರೆದರೆ ಸಾಕು, ಅದು ಅಲ್ಲಿರುತ್ತಿತ್ತು.

ಶನಿವಾರ, ಸೆಂಟರ್ ನಡೆಸುವ ಅಸ್ಕರ್ ಸರ್ ಸೋಮವಾರದ ಮೊದಲ ಪ್ರಿಂಟನ್ನೂ ಅಂದಿನದನ್ನೂ ಅಕ್ಕಪಕ್ಕ ಇಟ್ಟರು.

"ಮೂಗು ಗಿಡ್ಡ, ಗಲ್ಲ ಗುಂಡು, ಹಣೆ ಅಗಲ, ಕಣ್ಣು ದೊಡ್ಡದು. ಒಂದೊಂದೂ ಸಣ್ಣ ತಿದ್ದುಪಡಿಯೇ. ಎಲ್ಲ ಸೇರಿ ಎಂತ ಆಯ್ತು ನೋಡು. ಇದು ಮದುಮಗಳಾ ಮಾರಾಯ? ಒಂದನೇ ಕ್ಲಾಸಿನ ಮಗು!"

ಸೋಮವಾರದ ಫೈಲನ್ನೇ ತೆರೆಯಲು ಹೋದೆ.

"ಬೇಡ," ಎಂದರು ಅಕ್ಕ. "ಅವಳು ಹೇಳಿದ ಹಾಗೇ ಇರ್ಲಿ."

ಆದಿತ್ಯವಾರ ಹತ್ತು ಗಂಟೆಗೆ ಹುಡುಗನ ತಾಯಿ ಶಶಿಪ್ರಭಾ ಬಂದರು. ತುಂಬ ಹೊತ್ತು ಪರದೆ ನೋಡಿದರು. ಕೊನೆಗೆ ಬೆರಳು ಚಾಚಿ, ಗಾಜಿನ ಮೇಲೆಯೇ ಆ ಗಲ್ಲ ಸವರಿದರು.

"ನಮ್ಮ ಹುಡುಗನಿಗೆ ಮೂವತ್ತು ಆಯ್ತು ಲೋಲಾಕ್ಷಿ. ಇಷ್ಟು ಸಣ್ಣ ಮಗುವನ್ನು ಹೇಗೆ ಕರ್ಕೊಂಡು ಹೋಗುವುದು? ಸ್ವಲ್ಪ ಪ್ರಾಯ ಆಗ್ಲಿ."

"ಆಗ್ಲಿ ಅಕ್ಕ. ನಮಗೆ ಅವಸರ ಇಲ್ಲ."

ಲೋಲಾಕ್ಷಿ ಅಕ್ಕನ ಮುಖ ಅಷ್ಟು ಅರಳಿದ್ದನ್ನು ಆ ವಾರವಿಡೀ ನಾನು ಕಂಡಿರಲಿಲ್ಲ.

ಪ್ರಿಂಟನ್ನು ಲಕೋಟೆಗೆ ಹಾಕಿಕೊಟ್ಟು, ಅವರ ಊರಿನ ದಾರಿಯ ಮೂಡುಬಿದಿರೆ ಬಸ್ಸಿಗೆ ಹತ್ತಿಸಲು ಜೊತೆಗೆ ಹೋದೆ. ಅಕ್ಕ ಕಿಟಕಿಯ ಪಕ್ಕ ಕೂತು, ಲಕೋಟೆಯನ್ನು ತೊಡೆಗೂ ಕಿಟಕಿಗೂ ನಡುವೆ ನಿಲ್ಲಿಸಿಕೊಂಡರು. ಕಂಡಕ್ಟರ್ ಬಂದ.

"ಒಂದು ಫುಲ್, ಒಂದು ಹಾಫ್."

ಅವನು ಮಗು ಎಲ್ಲಿ ಎಂದು ಕೇಳಲಿಲ್ಲ. ಎರಡು ಟಿಕೆಟ್ ಹರಿದು ಕೊಟ್ಟ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿಯ ಕಡೆ ಒಮ್ಮೆ ನೋಡಿ, ನಕ್ಕು, ತುಸು ಸರಿದು ಜಾಗ ಬಿಟ್ಟಳು.