ಮಗ್ಗ ನಿಂತಾಗ ಕೇಳಿಸಿದ ಕೆಮ್ಮು

ನಮ್ಮ ಶೆಡ್ಡಿನಲ್ಲಿ ಇಪ್ಪತ್ತು ಮಗ್ಗಗಳಿವೆ. ಅವು ಓಡುತ್ತಿದ್ದರೆ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸುವುದಿಲ್ಲ. ನೂಲು ಮುಗಿಯಿತು ಅನ್ನುವುದಕ್ಕೆ ಒಂದು ಬೆರಳು, ನೀರು ಬೇಕು ಅನ್ನುವುದಕ್ಕೆ ಹೆಬ್ಬೆರಳು. ಹೊರಗಿನವರು ಬಂದು ಏನು ಹೇಳಿದರೂ ತಲೆಯಾಡಿಸಿ ಕಳಿಸುತ್ತೇವೆ. ಹನ್ನೆರಡು ತಾಸು ನಿಂತೇ ದುಡಿಯುವವನಿಗೆ ‘ಏನಂದ್ರಿ?’ ಎಂದು ಕೇಳುವ ಶಕ್ತಿಯೂ ಉಳಿದಿರುವುದಿಲ್ಲ.

ಮಗ್ಗ ನಿಂತ ಆ ಮಧ್ಯಾಹ್ನಕ್ಕೆ ಎರಡು ತಿಂಗಳ ಮುಂಚೆ ಆರೋಗ್ಯ ಕೇಂದ್ರದ ನರ್ಸಕ್ಕ ಬಂದಿದ್ದರು. ಮಗ್ಗದಿಂದ ಮಗ್ಗಕ್ಕೆ ಹೋಗಿ ಬಾಯಿ ತೆರೆದು ಮುಚ್ಚಿದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅವರು ಹೋದರು.

ಆ ಮಧ್ಯಾಹ್ನ ಕರೆಂಟು ಹೋಯಿತು. ಇಪ್ಪತ್ತೂ ಮಗ್ಗ ಒಟ್ಟಿಗೆ ನಿಂತವು. ಆಗ ಕೇಳಿಸಿತು, ಪಕ್ಕದ ನೂಲಿನ ಕೋಣೆಯಿಂದ ಕೆಮ್ಮು.

ನೂಲು ಸುತ್ತುವ ಹೆಂಗಸರು ಮಕ್ಕಳನ್ನು ಮಲಗಿಸುವುದು ಅಲ್ಲೇ, ಮೂಟೆಗಳ ನಡುವೆ. ಧೂಳು ಬಂದು ನೂಲು ಹಾಳಾಗುತ್ತದೆಂದು ಮಾಲೀಕರು ಕಿಟಕಿಗೆ ಮೊಳೆ ಹೊಡೆಸಿದ್ದಾರೆ. ಹೋಗಿ ನೋಡಿದರೆ ನಾಲ್ಕು ಮಕ್ಕಳು ಕೆಮ್ಮುತ್ತಿದ್ದವು. ಕಣ್ಣು ಕೆಂಪು, ಮೂಗು ಸುರಿಯುತ್ತಿತ್ತು. ಮಗ್ಗ ರಿಪೇರಿ ಮಾಡುವ ಮಾಮನ ಮಗಳಿಗೆ ಕಿವಿಯ ಹಿಂದಿನಿಂದ ಮುಖದ ತುಂಬ ಕೆಂಪು ಗುಳ್ಳೆ. ಏದುಸಿರು ಬಿಡುತ್ತಿದ್ದಳು. ಅವಳ ಪಕ್ಕದಲ್ಲೇ ನನ್ನ ಅಕ್ಕನ ಏಳು ತಿಂಗಳ ಕೂಸು ಕೈಕಾಲು ಆಡಿಸುತ್ತ ಮಲಗಿತ್ತು. ಹೆರಿಗೆಯ ನಂತರ ಅಕ್ಕ ಕೆಲಸಕ್ಕೆ ಮರಳಿದ್ದು ಹಿಂದಿನ ದಿನವಷ್ಟೇ.

ಫೋನು ಮಾಡಿದೆ. ನರ್ಸಕ್ಕ ಮುಕ್ಕಾಲು ಗಂಟೆಯಲ್ಲಿ ನಡೆದುಕೊಂಡೇ ಬಂದರು. ಆ ದಿನ ಅವರಿಗೆ ಅದು ಏಳನೆಯ ಬೀದಿಯಂತೆ.

“ದಡಾರ,” ಎಂದರು. ರಿಪೇರಿ ಮಾಮನನ್ನೂ ಮಗಳನ್ನೂ ಆಟೋ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸಿ, ಮೂಟೆಯ ಮೇಲೆ ಕುಸಿದು ಕೂತರು.

ಕೂಸಿನ ಅಪ್ಪ, ನನ್ನ ಭಾವ, ನಮ್ಮ ಶೆಡ್ಡಿನವನೇ. “ಇಷ್ಟಕ್ಕೆಲ್ಲ ಗಾಬರಿ ಯಾಕೆ?” ಎಂದ. “ನಮಗೂ ಬಂದಿತ್ತು, ಹೋಯ್ತು. ಕಲ್ಲುಗುಂಡಿನ ಹಾಗಿದೀವಿ.”

“ಸತ್ತೋದ ಮಕ್ಕಳು ಬಂದು ಹೇಳಲ್ವಲ್ಲ ಅಣ್ಣ,” ಎಂದರು ನರ್ಸಕ್ಕ.

ನನಗೆ ರೇಗಿತು. “ಆವತ್ತೇ ಹೇಳೋಕೇನಾಗಿತ್ತು ನಿಮಗೆ?”

“ಲಸಿಕೆ ಹಾಕಿಸಿ ಅಂತ ಹೇಳಿದೆ. ಎಲ್ಲಾ ತಲೆಯಾಡಿಸಿದ್ರಿ.”

“ಮಗ್ಗ ನಿಲ್ಲಿಸಿ ಅಂತ ಮಾಲೀಕರನ್ನ ಕೇಳಬೇಕಿತ್ತು.”

“ಕೇಳಿದೆ ಕಣಪ್ಪ. ಅವರೂ ತಲೆಯಾಡಿಸಿದ್ರು.”

ಅಕ್ಕ ಮೆಲ್ಲಗೆ ಬಾಯಿ ಬಿಟ್ಟಳು. “ನಮ್ಮ ದೊಡ್ಡ ಮಗಳಿಗೆ ಒಂದೇ ಸೂಜಿ ಆಗಿರೋದು. ಕಾರ್ಡ್ ಕಳೆದೋಯ್ತು. ಬೈತೀರ ಅಂತ ಬರಲಿಲ್ಲ.”

“ಬಯ್ಯೋಕೂ ತ್ರಾಣ ಬೇಕಲ್ಲಮ್ಮ. ಕಾರ್ಡ್ ಇಲ್ಲದಿದ್ರೂ ಹಾಕ್ತೀವಿ. ನೆನಪು ತಪ್ಪಿ ಒಂದು ಹೆಚ್ಚಾದ್ರೂ ತೊಂದರೆ ಇಲ್ಲ.”

“ಒಂದು ಹಾಕಿಸಿದ್ದಕ್ಕೇ ವಾರಕ್ಕೆ ಜ್ವರ ಬಂದು ಎರಡು ದಿನ ಮಲಗಿದ್ಲು,” ಎಂದ ಭಾವ. “ಚೆನ್ನಾಗಿರೋ ಕೂಸಿಗೆ ನಾವೇ ಜ್ವರ ತರಿಸಬೇಕಾ?”

ನರ್ಸಕ್ಕ ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳೆಲ್ಲ ಗುಡುಗಿದವು. ಅವರ ತುಟಿ ಅಲ್ಲಾಡುತ್ತಿತ್ತು, ಬೆರಳು ಕೂಸಿನ ಕಡೆ ತೋರಿಸುತ್ತಿತ್ತು. ಭಾವ ಅವರ ಮುಖ ನೋಡುತ್ತ ತಲೆಯಾಡಿಸಿದ.

ಆ ತಲೆಯಾಟ ನನಗೆ ಚೆನ್ನಾಗಿ ಗೊತ್ತು. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಓಡಿ ಹೋಗಿ ಮೇನ್ ಸ್ವಿಚ್ ಕೆಳಗೆಳೆದೆ.

“ಯಾವನೋ ಅವನು, ಕೊಬ್ಬಾ?” ಮೇಸ್ತ್ರಿ ಕೂಗಿದ.

“ನಾನೇ! ಹತ್ತು ನಿಮಿಷ. ಬಟ್ಟೆಗೇನೂ ಏದುಸಿರು ಬಂದಿಲ್ಲ!” ಒಳಗೆ ಬಂದೆ. “ಈಗ ಹೇಳಿ ನರ್ಸಕ್ಕ. ಭಾವ, ಕೇಳಿಸ್ಕೊಳ್ಳಿ.”

ಅವರು ನೀರು ಕುಡಿದು ಮತ್ತೆ ಮೊದಲಿನಿಂದ ಹೇಳಿದರು. ಎಷ್ಟನೆಯ ಸಲವೋ ಏನೋ.

“ಲಸಿಕೆ ಜ್ವರ ಎರಡು ದಿನ ಇದ್ದು ಹೋಗುತ್ತೆ. ದಡಾರ ಹಾಗಲ್ಲ. ಶ್ವಾಸಕೋಶಕ್ಕೆ ಇಳೀಬಹುದು, ಕಣ್ಣು ಕೆಡಿಸಬಹುದು, ಮಿದುಳಿಗೂ ಏರಬಹುದು. ಕೆಮ್ಮಿದ ಮಗು ಎದ್ದು ಹೋದ್ರೂ ಎರಡು ತಾಸು ರೋಗ ಈ ಕೋಣೆ ಗಾಳೀಲಿ ಇರುತ್ತೆ. ಗುಳ್ಳೆ ಏಳೋಕೆ ನಾಲ್ಕು ದಿನ ಮುಂಚೆನೇ ಹರಡುತ್ತೆ. ಮಾಮೂಲಿಯಾಗಿ ಒಂಬತ್ತು ತಿಂಗಳಿಗೆ ಹಾಕೋದು. ಹೀಗೆ ಹಬ್ಬಿದಾಗ ಆರು ತಿಂಗಳು ತುಂಬಿದ ಕೂಸಿಗೂ ಹಾಕ್ತೀವಿ. ಈ ಕೂಸಿಗೆ ಆ ಗಾಳಿ ತಾಗಿದ್ದು ನಿನ್ನೆ. ಮೂರು ದಿನದೊಳಗೆ ಹಾಕಿಸಿದ್ರೆ ತಡೀಬಹುದು. ನಾಳೆ ಒಂದೇ ದಿನ ಇರೋದು ನಿಮಗೆ.”

“ಗ್ಯಾರಂಟಿನಾ?”

“ಗ್ಯಾರಂಟಿ ಕೊಡೋಕೆ ನಾನೇನು ಮಿಕ್ಸಿ ಮಾರ್ತಿದೀನಾ ಅಣ್ಣ? ಹಾಕಿಸಿದ್ರೆ ಒಂದು ದಾರಿ ಇದೆ. ಹಾಕಿಸದಿದ್ರೆ ಅದೂ ಇಲ್ಲ.”

ಭಾವ ಕೂಸನ್ನು ಎತ್ತಿಕೊಂಡ. ಅದು ಅವನ ಮೂಗು ಹಿಡಿಯಿತು. ಅದರ ಕೈ ಬಿಡಿಸುತ್ತ ಕೇಳಿದ: “ನಾಳೆ ಎಷ್ಟು ಗಂಟೆಗೆ, ಎಲ್ಲಿಗೆ ಬರಬೇಕು?”

ಮರುದಿನ ಬೆಳಿಗ್ಗೆ ಆರೋಗ್ಯ ಕೇಂದ್ರದಲ್ಲಿ ಕೂಸಿಗೆ ಲಸಿಕೆ ಆಯಿತು, ದೊಡ್ಡವಳಿಗೆ ಎರಡನೆಯದೂ ಆಯಿತು. ಇದು ಹೆಚ್ಚುವರಿ ಡೋಸ್, ಕೂಸಿಗೆ ಒಂಬತ್ತು ತಿಂಗಳಾದಾಗ ಮತ್ತೆ ಕರೆತರಲೇಬೇಕು ಎಂದು ನರ್ಸಕ್ಕ ಎರಡು ಸಲ ಹೇಳಿದರು. ಕೆಮ್ಮುತ್ತಿದ್ದ ಮೂವರು ಮಕ್ಕಳಿಗೆ ವಿಟಮಿನ್ ‘ಎ’ ಹನಿ ಹಾಕಿ, ಬೇರೆ ಮಕ್ಕಳಿಂದ ದೂರ ಇಡಲು ಹೇಳಿ ಮನೆಗೆ ಕಳಿಸಿದರು. ನಾನು ನೂಲಿನ ಕೋಣೆಯ ಮೊಳೆ ಕಿತ್ತು ಕಿಟಕಿ ತೆರೆದೆ. ಮಾಲೀಕರು ನೋಡಿಕೊಂಡು ಮುಂದೆ ಹೋದರು.

ಮೂರು ವಾರ ಅಕ್ಕ ದಿನಾ ಕೂಸಿನ ಕಿವಿಯ ಹಿಂದೆ ನೋಡಿದಳು. ಗುಳ್ಳೆ ಏಳಲಿಲ್ಲ.

ರಿಪೇರಿ ಮಾಮ ಐದನೆಯ ದಿನ ಆಸ್ಪತ್ರೆಯಿಂದ ಒಬ್ಬನೇ ಬಂದ. ತೀರಿಹೋದ ಮಗಳಿಗೆ ನಾಲ್ಕು ವರ್ಷ. ಒಂದು ಡೋಸೂ ಆಗಿರಲಿಲ್ಲ. ಮುಂದಿನ ವಾರ ಕೆಲಸಕ್ಕೆ ಬಂದು ಹದಿನಾಲ್ಕನೆಯ ಮಗ್ಗದ ಬೆಲ್ಟು ಬಿಗಿ ಮಾಡಿದ. ಅವನ ಮುಖ ನೋಡಲು ನಮಗಾರಿಗೂ ಆಗಲಿಲ್ಲ.

ಇದನ್ನು ಓದುತ್ತಿರುವವರೇ, ನಿಮ್ಮ ಮಗುವಿಗೆ ದಡಾರದ ಲಸಿಕೆ ಎಷ್ಟು ಡೋಸ್ ಆಗಿದೆ? ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ನೆನಪಿಲ್ಲದಿದ್ದರೂ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾರ್ಡ್ ಇಲ್ಲದಿದ್ದರೂ ಹೋಗಿ, ಸಮಯ ಮೀರಿದ್ದರೂ ಹೋಗಿ. ಹೇಳಿದ್ದು ಅರ್ಥವಾಗದಿದ್ದರೆ ನಾಚದೆ ಇನ್ನೊಮ್ಮೆ ಕೇಳಿ. ಜ್ವರದ ಜೊತೆ ಗುಳ್ಳೆ ಕಂಡರೆ ಬೇರೆ ಮಕ್ಕಳ ಜೊತೆ ಮಲಗಿಸಬೇಡಿ. ಏದುಸಿರು ಬಂದರೆ ಆಸ್ಪತ್ರೆಗೆ ಹೋಗಲು ಒಂದು ಗಳಿಗೆಯೂ ಕಾಯಬೇಡಿ. ನಿಮಗೆ ದಣಿವಾಗಿದೆ, ಗೊತ್ತು. ಅರ್ಧ ದಿನದ ಕೂಲಿಯೂ ಹೋಗುತ್ತದೆ. ಹೋಗಲಿ. ನಾಳೆ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಹೊರಡಿ.